ಅಧಿಕಾರ ವಿಕೇಂದ್ರೀಕರಣದಲ್ಲಿ ಮೊದಲ ಸ್ಥಾನ, ಜಿಲ್ಲಾ ಪಂಚಾಯಿತಿಯಲ್ಲಿ ಸದಸ್ಯರೇ ಇಲ್ಲ

ತುಂಗಾತೀರ (ಚರ್ಚೆ ಆರಂಭಿಸಿದವರು)

2025ರ ಫೆಬ್ರವರಿಯಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಹೊರತಂದ ಅಧಿಕಾರ ವಿಕೇಂದ್ರೀಕರಣ ಸೂಚ್ಯಂಕದಲ್ಲಿ ಕರ್ನಾಟಕಕ್ಕೆ ದೇಶದಲ್ಲೇ ಮೊದಲ ಸ್ಥಾನ ಸಿಕ್ಕಿತು. ಕೇರಳ ಎರಡನೆಯದು, ತಮಿಳುನಾಡು ಮೂರನೆಯದು. ಆದರೆ ಆ ಸುದ್ದಿ ಬಂದ ದಿನ ನಮ್ಮ ರಾಜ್ಯದ ಜಿಲ್ಲಾ ಪಂಚಾಯಿತಿಗಳಲ್ಲಿ ಜನ ಆರಿಸಿ ಕಳುಹಿಸಿದ ಸದಸ್ಯರೇ ಇರಲಿಲ್ಲ. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳು ಬಂದರು. ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ ಸಭೆ ಮಾತ್ರ ತಪ್ಪದೆ ನಡೆಯಿತು, ಏಕೆಂದರೆ ಅದರ ಅಧ್ಯಕ್ಷತೆ ವಹಿಸುವವರು ಜಿಲ್ಲಾ ಉಸ್ತುವಾರಿ ಸಚಿವರು.

ಪಂಚಾಯಿತಿಯ ಅವಧಿ ಐದು ವರ್ಷವೆಂದೂ ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಂಡಿರಬೇಕೆಂದೂ ಸಂವಿಧಾನದ 243-ಇ ಅನುಚ್ಛೇದ ಹೇಳುತ್ತದೆ. ಇದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಹಾಗಿದ್ದೂ ಚುನಾವಣೆ ನಿಂತದ್ದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2021ರ ಜುಲೈನಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಮೀಸಲಾತಿಯ ಕರಡನ್ನು ಪ್ರಕಟಿಸಿತ್ತು. ಕೆಲವೇ ತಿಂಗಳುಗಳಲ್ಲಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು ಹೊಸದಾದ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಅಲ್ಲಿಂದ ಮುಂದೆ ಒಮ್ಮೆ ಗಡಿ ಗುರುತಿಸುವ ಕೆಲಸ ಬಾಕಿ, ಇನ್ನೊಮ್ಮೆ ಹಿಂದುಳಿದ ವರ್ಗಗಳ ಮೀಸಲಾತಿಯ ವರದಿ ಬಾಕಿ, ಮತ್ತೊಮ್ಮೆ ಪ್ರಕರಣ ಹೈಕೋರ್ಟಿನಲ್ಲಿ ಬಾಕಿ. ಚುನಾವಣೆ ಬೇಡವೆಂದು ಯಾರೂ ಹೇಳಲಿಲ್ಲ. ಎಲ್ಲರೂ ಬೇಕೆಂದೇ ಹೇಳುತ್ತ ಮುಂದೂಡಿದರು. ಈ ಅವಧಿಯಲ್ಲಿ ಆಳುವ ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಇದೊಂದು ನೀತಿ ಮಾತ್ರ ಬದಲಾಗಲಿಲ್ಲ.

ಇದು ನಮಗೆ ಹೊಸದೂ ಅಲ್ಲ. ಪಂಚಾಯತ್ ರಾಜ್ ಕುರಿತ ಅಶೋಕ್ ಮೆಹ್ತಾ ಸಮಿತಿಯ 1978ರ ವರದಿಯ ಜಾಡಿನಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ರೂಪಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಕೊಳವೆಬಾವಿಗಳಿಂದಾಗಿ ಹಳ್ಳಿಗರ ಬಾಯಲ್ಲಿ ನೀರ್ ಸಾಬ್ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಆ ಕಾಯ್ದೆಯ ಬೆನ್ನಿಗೆ ನಿಂತ ಸಚಿವರು. ಜಿಲ್ಲಾ ಪರಿಷತ್ತಿನ, ಅಂದರೆ ಇಂದಿನ ಜಿಲ್ಲಾ ಪಂಚಾಯಿತಿಯ ಜಾಗದಲ್ಲಿದ್ದ ಸಂಸ್ಥೆಯ, ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದವರು ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರಾದ ಐಎಎಸ್ ಅಧಿಕಾರಿ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟದ್ದೂ ಆಗಲೇ, ಅಂದರೆ ಪಂಚಾಯಿತಿಗಳ ಕುರಿತ ಸಂವಿಧಾನ ತಿದ್ದುಪಡಿಗೆ ಎಷ್ಟೋ ಮೊದಲು. ಅಷ್ಟೆಲ್ಲ ಕೊಟ್ಟ ವ್ಯವಸ್ಥೆಯ ಅವಧಿ 1992ರಲ್ಲಿ ಮುಗಿದಾಗ ಏನಾಯಿತು? ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು.

ಆದ್ದರಿಂದ ನನ್ನ ವಾದವಿದು. ಪಂಚಾಯಿತಿಗಳಿಗೆಂದು ಸಂವಿಧಾನದ ಹನ್ನೊಂದನೇ ಅನುಸೂಚಿ ಪಟ್ಟಿ ಮಾಡಿದ 29 ವಿಷಯಗಳಲ್ಲಿ ಎಷ್ಟನ್ನು ವರ್ಗಾಯಿಸಿದ್ದಾರೆ ಎಂದು ಎಣಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಚುನಾವಣೆಯ ದಿನಾಂಕ ಸರ್ಕಾರದ ಮರ್ಜಿಗೆ ಬಿಟ್ಟಿರುವ ತನಕ ಕೊಟ್ಟ ಅಧಿಕಾರವೆಲ್ಲ ಎರವಲು. ಈ ಮರ್ಜಿಯ ಹಿಂದಿರುವವರು ಬಹುಮಟ್ಟಿಗೆ ನಮ್ಮ ಶಾಸಕರೇ. ತನ್ನ ಕ್ಷೇತ್ರದೊಳಗೆ ರಸ್ತೆ, ಮನೆ, ಕುಡಿಯುವ ನೀರಿನ ಬಗ್ಗೆ ಮಾತನಾಡುವ ಇನ್ನೂ ಐದಾರು ಚುನಾಯಿತರು ಬೆಳೆಯುವುದು ಯಾವ ಪಕ್ಷದ ಶಾಸಕರಿಗೂ ಇಷ್ಟವಿಲ್ಲ. ಹಿರಿಯರು ಅಭಿಪ್ರಾಯ ತಿಳಿಸಬೇಕು.

ನಿವೃತ್ತ ಪಿಡಿಒ

ತುಂಗಾತೀರ ಅವರ ಬರಹದ ಇತಿಹಾಸಭಾಗವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆಯೂ, ಚುನಾವಣೆ ನಡೆಯಿತು. ಜನಪ್ರತಿನಿಧಿಗಳಿದ್ದ ಆ ಪಂಚಾಯಿತಿಗಳಾದರೂ ಸ್ವತಂತ್ರವಾಗಿದ್ದವೇ? ನಾನು ಕಾರ್ಯದರ್ಶಿಯಾಗಿ ಸೇರಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆಗಿ ನಿವೃತ್ತನಾದವನು, ಒಂದು ಸಣ್ಣ ಸಂಗತಿ ಹೇಳುತ್ತೇನೆ.

ಏಪ್ರಿಲ್ ತಿಂಗಳಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟಿತೆಂದುಕೊಳ್ಳಿ. ಕೇರಿಯ ಹೆಂಗಸರು ಬೆಳಿಗ್ಗೆಯೇ ಕೊಡ ಹಿಡಿದು ಕಚೇರಿಯ ಮುಂದೆ ಬಂದು ನಿಲ್ಲುತ್ತಾರೆ. ಬ್ಯಾಂಕಿನಲ್ಲಿ ಹಣವಿದೆ. ಆದರೆ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ ಅನುದಾನ, ಅಂದರೆ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಸರಿ, ಇದು ನೀರೇ ತಾನೆ ಎಂದು ಹೊರಟರೆ ಆ ಕೆಲಸ ಅನುಮೋದಿತ ಕ್ರಿಯಾಯೋಜನೆಯಲ್ಲಿ ಇರುವುದಿಲ್ಲ. ಮೋಟಾರು ಯಾವ ದಿನ ಸುಡುತ್ತದೆಂದು ಕಳೆದ ವರ್ಷ ಯೋಜನೆ ಬರೆದವರಿಗೆ ಗೊತ್ತಿರಲಿಲ್ಲವಲ್ಲ. ಕ್ರಿಯಾಯೋಜನೆ ಬದಲಾಗಬೇಕಾದರೆ ಮೇಲಿನ ಅನುಮೋದನೆ ಬೇಕು, ಅಂದಾಜುಪಟ್ಟಿಗೆ ಕಿರಿಯ ಎಂಜಿನಿಯರ್ ಸಹಿ ಬೇಕು. ಆ ಎಂಜಿನಿಯರ್‌ಗೆ ಎಷ್ಟೋ ಪಂಚಾಯಿತಿಗಳ ಹೊಣೆ, ಮೇಲಾಗಿ ಅವರು ನಮ್ಮ ನೌಕರರಲ್ಲ. ಕೊನೆಗೆ ಅಧ್ಯಕ್ಷರು ಪರಿಚಯದ ಅಂಗಡಿಯಲ್ಲಿ ಸಾಲ ಹೇಳಿ ಮೋಟಾರಿಗೆ ವೈಂಡಿಂಗ್ ಮಾಡಿಸುತ್ತಾರೆ. ಆ ಬಿಲ್ಲು ಮುಂದಿನ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಯ ಕಂಡಿಕೆಯಾಗಿ ಪಿಡಿಒ ತಲೆಯ ಮೇಲೆ ಬರುತ್ತದೆ.

ರಾಜ್ಯದ ಶಾಸನಬದ್ಧ ಅನುದಾನದ ಕಥೆ ಹೇಳುವುದೇ ಬೇಡ. ಬೀದಿದೀಪ ಮತ್ತು ನೀರು ಸರಬರಾಜಿನ ವಿದ್ಯುತ್ ಬಿಲ್ಲು, ನೀರುಗಂಟಿಗಳ ಸಂಬಳ, ಇವೆರಡು ಕಳೆದರೆ ಉಳಿದದ್ದರಲ್ಲಿ ಚರಂಡಿಯ ಹೂಳೆತ್ತಿಸಲೂ ಯೋಚಿಸಬೇಕು.

ಇನ್ನು ಪಿಡಿಒ ಯಾರ ಮನುಷ್ಯ ಎಂಬ ಪ್ರಶ್ನೆ. ಚೆಕ್ಕಿಗೆ ಅಧ್ಯಕ್ಷರ ಜೊತೆ ಸಹಿ ಹಾಕುವವನು ನಾನು, ಸಭೆಯ ನಡಾವಳಿ ಬರೆಯುವವನು ನಾನು. ಆದರೆ ನನ್ನನ್ನು ವರ್ಗ ಮಾಡುವವರು, ಕಾರಣ ಕೇಳಿ ನೋಟಿಸ್ ಕೊಡುವವರು, ವಾರಕ್ಕೊಮ್ಮೆ ವಿಡಿಯೊ ಸಭೆಯಲ್ಲಿ ತೆರಿಗೆ ವಸೂಲಿಯ ಗುರಿ ಎಷ್ಟಾಯಿತು, ನರೇಗಾ ಮಾನವದಿನ ಎಷ್ಟಾಯಿತು ಎಂದು ಕೇಳುವವರು ತಾಲ್ಲೂಕು ಮತ್ತು ಜಿಲ್ಲಾ ಕಚೇರಿಯಲ್ಲಿದ್ದಾರೆ. ಸಾಮಾನ್ಯ ಸಭೆ ನಡೆಯುತ್ತಿದ್ದಾಗಲೇ ಮೇಲಿನಿಂದ ಫೋನ್ ಬಂದರೆ ಪಿಡಿಒ ಎದ್ದು ಹೋಗುತ್ತಾನೆ, ಸದಸ್ಯರು ಕಾಯುತ್ತಾರೆ. ಚುನಾವಣೆ ಸಕಾಲಕ್ಕೆ ನಡೆದರೆ ಈ ಫೋನ್ ನಿಲ್ಲುವುದಿಲ್ಲ.

ಮಾಜಿ ಸದಸ್ಯೆ, ಕಲ್ಯಾಣ ಕರ್ನಾಟಕ

ಇಬ್ಬರೂ ಹಿರಿಯರು ಸ್ವಾಯತ್ತತೆಯನ್ನು ಪಂಚಾಯಿತಿ ಮತ್ತು ಸರ್ಕಾರದ ನಡುವಿನ ವ್ಯವಹಾರವೆಂಬಂತೆ ಬರೆದಿದ್ದೀರಿ. ಊರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನೂ ಸೇರಿಸಿ ಎಂದು ನನ್ನ ವಿನಂತಿ.

2020ರ ಚುನಾವಣೆಯ ಹೊತ್ತಿನಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಗುಡಿಯ ಕಟ್ಟೆಯ ಮೇಲೆ ಕೂತು ಇಷ್ಟು ಲಕ್ಷ ಕೊಟ್ಟವರಿಗೆ ಅವಿರೋಧ ಎಂದು ತೀರ್ಮಾನಿಸಿದರೆ ಅದೂ ಒಂದು ರೀತಿಯ ಸ್ಥಳೀಯ ಸ್ವಾಯತ್ತತೆಯೇ. ಅದನ್ನು ತಡೆಯಲು ಮುಂದಾದದ್ದು ರಾಜ್ಯ ಚುನಾವಣಾ ಆಯೋಗ, ಊರಲ್ಲ. ನನ್ನಂಥವಳು ಆ ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು ಕೂತದ್ದು ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ಕಾನೂನಿನಿಂದ. ಆ ಕಾನೂನು ಬಂದದ್ದೂ ಬೆಂಗಳೂರಿನಿಂದಲೇ. ಹಾಗೆ ಕೂತ ಮೇಲೂ ಮೊದಲ ವರ್ಷ ನನ್ನ ಬದಲಿಗೆ ಮಾತನಾಡಲು ಮನೆಯ ಗಂಡಸರನ್ನು ಕಳುಹಿಸಬೇಕೆಂದು ಕೇಳಿದವರು ಸರ್ಕಾರದವರಲ್ಲ, ನಮ್ಮ ಸಹಸದಸ್ಯರು.

ಹಾಗೆಂದು ಮೇಲಿನವರು ಮಾಡಿದ್ದೆಲ್ಲ ಸರಿ ಎನ್ನುವುದಿಲ್ಲ. ಮನೆ ಯೋಜನೆಯನ್ನೇ ನೋಡಿ. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು ಎನ್ನುತ್ತದೆ ನಿಯಮ. ನಾವು ಶಾಮಿಯಾನದ ಕೆಳಗೆ ಇಡೀ ದಿನ ಕೂತು, ಜಗಳವಾಡಿ, ಗುಡಿಸಲಿನಲ್ಲಿರುವ ವಿಧವೆಯರ ಹೆಸರು ಮೊದಲು, ಸೋರುವ ಮಾಳಿಗೆಯವರ ಹೆಸರು ಆಮೇಲೆ ಎಂದು ಪಟ್ಟಿ ಮಾಡಿ ಕಳುಹಿಸಿದೆವು. ಪಟ್ಟಿ ತಾಲ್ಲೂಕಿನಿಂದ ತಿರುಗಿ ಬರುವಾಗ ನಾಲ್ಕು ಹೆಸರು ಕೆಳಗಿಳಿದಿದ್ದವು, ಸಭೆಗೇ ಬಾರದ ನಾಲ್ಕು ಹೆಸರು ಮೇಲೇರಿದ್ದವು. ಕೇಳಿದರೆ "ಸಾಹೇಬರ ಕಚೇರಿಯಿಂದ ಬಂದದ್ದು" ಎಂಬ ಉತ್ತರ. ತಳಪಾಯ ಹಾಕಿದ ಮೇಲೆ ಫೋಟೊ ತೆಗೆದು ಮೇಲೆ ಕಳುಹಿಸುವ ಕೆಲಸ ಮಾತ್ರ ನಮ್ಮದಾಗಿ ಉಳಿಯಿತು.

ಇನ್ನೊಂದು ಮಾತು. ಅಧ್ಯಕ್ಷರ ಅವಧಿಯನ್ನು ಒಮ್ಮೆ ಐದು ವರ್ಷಕ್ಕೆ ಏರಿಸಿದರು, ಮುಂದಿನ ಚುನಾವಣೆಗೆ ಮೊದಲೇ ಮತ್ತೆ ಮೂವತ್ತು ತಿಂಗಳಿಗೆ ಇಳಿಸಿದರು. ಕೆಲಸ ಕಲಿಯುವ ಹೊತ್ತಿಗೆ ಅವಧಿ ಮುಗಿಯುವುದು ಹೆಚ್ಚಾಗಿ ಮೊದಲ ಬಾರಿಗೆ ಬಂದ ಮಹಿಳೆಯರಿಗೆ ಮತ್ತು ದಲಿತರಿಗೆ. ಈ ಏರಿಳಿತದ ಬಗ್ಗೆ ಯಾವ ಗ್ರಾಮಸಭೆಯನ್ನೂ ಯಾರೂ ಕೇಳಲಿಲ್ಲ.

ಗಡಿನಾಡ ಕನ್ನಡಿಗ, ಕಾಸರಗೋಡು

ನಾನು ಕೇರಳದ ಪಂಚಾಯಿತಿಯಲ್ಲಿ ತೆರಿಗೆ ಕಟ್ಟುವವನು. ನೆಂಟರಿಷ್ಟರು ಬಂಟ್ವಾಳ, ಪುತ್ತೂರಿನ ಕಡೆಯವರಾದ್ದರಿಂದ ಎರಡನ್ನೂ ಹೋಲಿಸಿ ನೋಡುವ ಅಭ್ಯಾಸವಿದೆ.

ಇಲ್ಲಿ 1995ರಿಂದ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆದುಕೊಂಡು ಬಂದಿದೆ. 2020ರದ್ದೂ 2025ರದ್ದೂ ಡಿಸೆಂಬರಿನಲ್ಲಿ ನಡೆದವು. ಎಡರಂಗವೋ ಐಕ್ಯರಂಗವೋ, ಯಾರೇ ಅಧಿಕಾರದಲ್ಲಿದ್ದರೂ ಇದನ್ನು ತಪ್ಪಿಸುವ ಧೈರ್ಯ ಮಾಡುವುದಿಲ್ಲ, ಏಕೆಂದರೆ ಇಲ್ಲಿ ಪಕ್ಷಗಳ ಬೇರು ಇರುವುದೇ ವಾರ್ಡಿನಲ್ಲಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಪಕ್ಷದ ಚಿಹ್ನೆ ಇಲ್ಲದೆ ನಡೆಸುತ್ತೀರಿ. ಅದು ಒಳ್ಳೆಯದೆಂದು ಬಹಳ ಮಂದಿ ಹೇಳುತ್ತಾರೆ, ನನಗೆ ಅನುಮಾನವಿದೆ. ಚಿಹ್ನೆ ಇಲ್ಲದಾಗ ಚುನಾವಣೆ ನಿಂತರೆ ನಷ್ಟ ತನ್ನದೆಂದು ಯಾವ ಪಕ್ಷಕ್ಕೂ ಅನಿಸುವುದಿಲ್ಲ.

ಹಣದ ವಿಷಯದಲ್ಲಿ ಮುಖ್ಯವಾದ ವ್ಯತ್ಯಾಸವೊಂದಿದೆ. 1996ರ ಜನಕೀಯ ಯೋಜನೆಯ, ಅಂದರೆ ಜನರೇ ಯೋಜನೆ ರೂಪಿಸುವ ಆಂದೋಲನದ, ಕಾಲದಲ್ಲಿ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲು ಸರ್ಕಾರ ನಿರ್ಧರಿಸಿತು. ಅದಕ್ಕಿಂತಲೂ ದೊಡ್ಡದೆಂದು ನಾನು ಎಣಿಸುವುದು ಬಜೆಟಿನ ನಾಲ್ಕನೇ ಅನುಬಂಧವನ್ನು. ಯಾವ ಪಂಚಾಯಿತಿಗೆ ಎಷ್ಟು ಹಣ ಎಂಬುದು ಅದರಲ್ಲಿ ಹೆಸರು ಹೆಸರಾಗಿ ಅಚ್ಚಾಗಿರುತ್ತದೆ. ಬಜೆಟ್ ಮಂಡನೆಯಾದ ಮೇಲೆ ನಮ್ಮ ಪಂಚಾಯಿತಿಯ ಸಾಲಿನ ಮೇಲೆ ಬೆರಳಿಟ್ಟು ಓದಬಹುದು. ಕೃಷಿ ಭವನ, ಪಶು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಗ್ರಾಮ ಪಂಚಾಯಿತಿಗೆ ಹಸ್ತಾಂತರವಾಗಿವೆ.

ಆದರೆ ಗಾತ್ರವನ್ನು ಮರೆಯಬೇಡಿ. ಕೇರಳದಲ್ಲಿರುವುದು 941 ಗ್ರಾಮ ಪಂಚಾಯಿತಿ, ನಿಮ್ಮಲ್ಲಿ ಹತ್ತಿರ ಹತ್ತಿರ ಆರು ಸಾವಿರ. ಐದಾರು ಸಾವಿರ ಜನರ ಪಂಚಾಯಿತಿಗೆ ಒಬ್ಬ ಎಂಜಿನಿಯರನ್ನೂ ಒಬ್ಬ ಲೆಕ್ಕಿಗನನ್ನೂ ಕೊಡುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. 1983ರ ಕಾಯ್ದೆಯಡಿಯ ನಿಮ್ಮ ಹಳೆಯ ಮಂಡಲ ಪಂಚಾಯಿತಿಗಳು ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಯವು. 1993ರ ಕಾಯ್ದೆ ಅವನ್ನು ಕಿರಿದು ಮಾಡಿತು. ಕಚೇರಿ ಜನರಿಗೆ ಹತ್ತಿರವಾಯಿತು, ಕೈ ಚಿಕ್ಕದಾಯಿತು.

ಇಲ್ಲಿಯೂ ಎಲ್ಲ ಚೆನ್ನಾಗಿದೆ ಎಂದಲ್ಲ. ಆರ್ಥಿಕ ವರ್ಷದ ಕೊನೆಗೆ ಖಜಾನೆಯಲ್ಲಿ ಬಿಲ್ಲುಗಳು ಸಾಲುಗಟ್ಟಿ ನಿಲ್ಲುತ್ತವೆ, ಕಾಮಗಾರಿ ಮುಂದಿನ ವರ್ಷಕ್ಕೆ ಜಾರುತ್ತದೆ. ನಮ್ಮಂಥ ಕನ್ನಡಿಗರಿಗಂತೂ ಗ್ರಾಮಸಭೆಯ ನೋಟಿಸು ಕನ್ನಡದಲ್ಲಿ ಬರಲಿ ಎಂದು ಕೇಳುವುದೇ ಒಂದು ಹೋರಾಟ.

ಬೆಂಗಳೂರಿನ ಮತದಾರ

ಹಳ್ಳಿಗಳ ಬಗ್ಗೆ ಇಷ್ಟು ವಿವರವಾದ ಚರ್ಚೆ ನಡೆದಿರುವಾಗ ನಗರದ್ದನ್ನೂ ದಾಖಲಿಸಿಬಿಡುತ್ತೇನೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. 198 ವಾರ್ಡುಗಳಿದ್ದವು. 243 ಎಂದರು, 225 ಎಂದರು, ಕೊನೆಗೆ ಪಾಲಿಕೆಯನ್ನೇ ತೆಗೆದು ಐದು ಪಾಲಿಕೆಗಳನ್ನು ಮಾಡಿದರು. ಅವುಗಳ ಮೇಲೆ ಕೂತಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಅಧ್ಯಕ್ಷರು ಮುಖ್ಯಮಂತ್ರಿಗಳು. ನಗರವನ್ನು ಒಡೆಯುವುದು ತಪ್ಪೆಂದು ನಾನು ಹೇಳುವುದಿಲ್ಲ, ಇಷ್ಟು ದೊಡ್ಡ ಊರಿಗೆ ಒಂದೇ ಪಾಲಿಕೆ ಸಾಕಾಗುತ್ತಿರಲಿಲ್ಲ. ಆದರೆ ಮೇಯರುಗಳ ಮೇಲೆ ಮುಖ್ಯಮಂತ್ರಿಯನ್ನು ಕೂರಿಸುವ ಸುಧಾರಣೆಯನ್ನು ವಿಕೇಂದ್ರೀಕರಣ ಎಂದು ಕರೆಯುವುದು ಸರಿಯಲ್ಲ.

ವಕೀಲ, ಧಾರವಾಡ

ತುಂಗಾತೀರ ಅವರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಎರಡು ಮಾತು.

243-ಜಿ ಅನುಚ್ಛೇದದ ಪ್ರಕಾರ ಪಂಚಾಯಿತಿಗಳಿಗೆ ಸ್ವಯಮಾಡಳಿತದ ಸಂಸ್ಥೆಗಳಾಗಿ ಕೆಲಸ ಮಾಡಲು ಬೇಕಾದ ಅಧಿಕಾರವನ್ನು ರಾಜ್ಯ ಶಾಸಕಾಂಗ ಕೊಡಬಹುದು, ಕೊಡಲೇಬೇಕೆಂದಿಲ್ಲ. ಸ್ಥಳೀಯ ಸರ್ಕಾರವೆಂಬುದು ರಾಜ್ಯಪಟ್ಟಿಯ ವಿಷಯ. ಆದ್ದರಿಂದ 29 ವಿಷಯಗಳಿಗಾಗಿ ನ್ಯಾಯಾಲಯಕ್ಕೆ ಹೋದರೆ ಹೆಚ್ಚಿನದೇನೂ ಸಿಗದು. ಚುನಾವಣೆಯ ವಿಷಯ ಹಾಗಲ್ಲ. ಅಲ್ಲಿ ಸಂವಿಧಾನದ ಮಾತು ಕಡ್ಡಾಯದ್ದು. ಕ್ಷೇತ್ರ ಮರುವಿಂಗಡಣೆ ಬಾಕಿಯಿದೆ, ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ಮೊದಲು ನಡೆಯಬೇಕಾದ ಮೂರು ಹಂತದ ಪರಿಶೀಲನೆ ಮುಗಿದಿಲ್ಲ ಎಂಬ ನೆಪದಲ್ಲಿ ಚುನಾವಣೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿದೆ.

ಹಾಗಾಗಿ ಸುಧಾರಣೆ ಎಂದರೆ ನನ್ನ ಮಟ್ಟಿಗೆ ಕಾಯ್ದೆಯಲ್ಲಿ ಒಂದು ಕಲಮು. ಅವಧಿ ಮುಗಿಯಲು ಆರು ತಿಂಗಳಿರುವಾಗ ಹೊಸ ವಿಂಗಡಣೆ ಮತ್ತು ಹೊಸ ಮೀಸಲಾತಿ ಪಟ್ಟಿ ಚುನಾವಣಾ ಆಯೋಗದ ಕೈ ಸೇರದಿದ್ದರೆ, ಹಳೆಯ ಕ್ಷೇತ್ರಗಳ ಮೇಲೆ, ಹಳೆಯ ಮೀಸಲಾತಿ ಸರದಿಯ ಮುಂದಿನ ಸುತ್ತಿನಂತೆ, ಆಯೋಗ ತಾನಾಗಿಯೇ ಅಧಿಸೂಚನೆ ಹೊರಡಿಸತಕ್ಕದ್ದು. ತಡಮಾಡಿದರೆ ಸರ್ಕಾರಕ್ಕೆ ಲಾಭವಾಗದಂತೆ ಇರಬೇಕು.

ತಾಲ್ಲೂಕು ಪಂಚಾಯಿತಿಯನ್ನು ರದ್ದು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ರಾಜ್ಯಕ್ಕೆ ಮಧ್ಯದ ಹಂತ ಕಡ್ಡಾಯ, ಸಂವಿಧಾನವನ್ನೇ ತಿದ್ದದೆ ಅದು ಸಾಧ್ಯವಿಲ್ಲ.

ಮಾಜಿ ಸದಸ್ಯೆ, ಕಲ್ಯಾಣ ಕರ್ನಾಟಕ

ವಕೀಲರ ಕಲಮಿನಲ್ಲಿ ಒಂದು ಅಪಾಯವಿದೆ. ಅದೇ ಮಧ್ಯಪ್ರದೇಶದ ಆದೇಶದ ಪ್ರಕಾರ ಪರಿಶೀಲನೆ ಮುಗಿಯದಿದ್ದರೆ ಹಿಂದುಳಿದ ವರ್ಗಗಳ ಸ್ಥಾನಗಳು ಸಾಮಾನ್ಯ ಸ್ಥಾನಗಳಾಗುತ್ತವೆ. ಹಳೆಯ ಸರದಿ ಮುಂದುವರಿಯುತ್ತದೆ ಎಂದು ತಾವು ಬರೆದರೂ ನ್ಯಾಯಾಲಯ ಅದನ್ನು ಒಪ್ಪುವುದೇ? ನಮ್ಮ ಕಡೆ ಕುರುಬರು, ಕಬ್ಬಲಿಗರು, ಮಡಿವಾಳರು ಪಂಚಾಯಿತಿಯ ಮೆಟ್ಟಿಲು ಹತ್ತಿದ್ದೇ ಆ ಸ್ಥಾನಗಳಿಂದ. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ ಕುರಿತು ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲೇ ವರದಿ ಕೊಟ್ಟಿದೆ. ಹಾಗಾಗಿ ನಿಮ್ಮ ಕಲಮಿಗೆ ಮೊದಲು ಆ ವರದಿಯ ಆಧಾರದ ಮೀಸಲಾತಿಯನ್ನು ಕಾಯ್ದೆಯಲ್ಲಿ ಭದ್ರಪಡಿಸಬೇಕು. ತಡಮಾಡಿದ್ದು ಸರ್ಕಾರ, ಅದರ ಬೆಲೆ ತೆರುವವರು ಕೆಳಜಾತಿಯವರು ಎಂದಾಗಬಾರದು.

ತುಂಗಾತೀರ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಮೀಸಲಾತಿಯ ಭದ್ರತೆ ಮೊದಲು, ತಾನಾಗಿ ಹೊರಡುವ ಅಧಿಸೂಚನೆ ಅದರ ಬೆನ್ನಿಗೆ. ಎರಡನ್ನೂ ಒಂದೇ ತಿದ್ದುಪಡಿಯಲ್ಲಿ ತರಲು ಅಡ್ಡಿಯಿಲ್ಲ.

ಪಿಡಿಒ ಸರ್ ಅವರ ಮೋಟಾರಿನ ಪ್ರಸಂಗಕ್ಕೆ ನನ್ನ ಉತ್ತರ ಸ್ವಲ್ಪ ಬೇರೆ. ಜಿಲ್ಲಾ ಪಂಚಾಯಿತಿಯಲ್ಲಿ ಚುನಾಯಿತರಿದ್ದಿದ್ದರೆ ಆ ಕ್ರಿಯಾಯೋಜನೆಯ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಲು ಒಬ್ಬರಾದರೂ ಇರುತ್ತಿದ್ದರು. ಈಗ ಅನುಮೋದಿಸುವವರೂ ಅಧಿಕಾರಿ, ಮೇಲ್ಮನವಿ ಕೇಳುವವರೂ ಅಧಿಕಾರಿ. ಚುನಾವಣೆ ನಡೆಯದ್ದಕ್ಕೆ ಹಣದ ನಷ್ಟವೂ ಇದೆ. ಹದಿನೈದನೇ ಹಣಕಾಸು ಆಯೋಗದ ಅನುದಾನ ಸಿಗುತ್ತಿದ್ದದ್ದು ಚುನಾಯಿತ ಮಂಡಳಿ ಇದ್ದ ಸಂಸ್ಥೆಗಳಿಗೆ ಮಾತ್ರ.

ಜಿಲ್ಲಾ ಪಂಚಾಯಿತಿಗಳಿಗೆ ಸಾವಿರಾರು ಕೋಟಿ ಕೊಡುತ್ತಿದ್ದೇವೆ ಎಂಬ ಸರ್ಕಾರದ ಮಾತನ್ನು ಪರೀಕ್ಷಿಸಬೇಕಾದವರು ಪಂಚಾಯಿತಿಗಳಿಗೆ ಹೋಗುವ ಹಣದ ವಿವರವಿರುವ, ಬಜೆಟಿನ ಜೊತೆ ಬರುವ ಲಿಂಕ್ ಡಾಕ್ಯುಮೆಂಟ್ ತೆರೆದು ನೋಡಬೇಕು. ಲೆಕ್ಕಶೀರ್ಷಿಕೆಗಳ ಸಾಲು ಸಾಲು. ಅದರಲ್ಲಿ ದೊಡ್ಡ ಪಾಲು ಶಿಕ್ಷಕರ ಮತ್ತು ಇತರ ನೌಕರರ ಸಂಬಳ. ಸಂಬಳದ ಹಣ ಜಿಲ್ಲಾ ಪಂಚಾಯಿತಿಯ ಹೆಸರಿನಲ್ಲಿ ಹಾದುಹೋಗುತ್ತದೆ ಅಷ್ಟೇ, ಒಬ್ಬ ಶಿಕ್ಷಕರನ್ನು ಹೆಚ್ಚಿಗೆ ನೇಮಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಕಾಸರಗೋಡಿನ ಮಿತ್ರರು ಹೇಳಿದ ಅನುಬಂಧಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಐದನೇ ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾದ ಸಿ. ನಾರಾಯಣಸ್ವಾಮಿಯವರು 1987ರ ತಲೆಮಾರಿನ ಜಿಲ್ಲಾ ಪರಿಷತ್ ಅಧ್ಯಕ್ಷರಾಗಿದ್ದವರು. ಇವೆಲ್ಲ ಅವರಿಗೆ ಹೇಳಿಕೊಡಬೇಕಾದ ಸಂಗತಿಗಳಲ್ಲ. ಆದರೆ ಆಯೋಗದ ಶಿಫಾರಸನ್ನು ಒಪ್ಪುವುದು, ಬಿಡುವುದು ಮತ್ತೆ ಸರ್ಕಾರಕ್ಕೇ ಸೇರಿದ್ದು.

ನಿವೃತ್ತ ಪಿಡಿಒ

ಕಡತ ಕೇಳುವವರು ಇರುತ್ತಿದ್ದರು ಎಂಬುದು ನಿಜ. 2016ರಿಂದ 2021ರ ನಡುವೆ ನಮ್ಮ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರಿಗೆ ಫೋನ್ ಮಾಡಿ ಎರಡು ಅನುಮೋದನೆ ಮಾಡಿಸಿಕೊಂಡದ್ದು ನನಗೂ ನೆನಪಿದೆ.

ಆದರೂ ನೌಕರರ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಪಿಡಿಒನನ್ನು ಪಂಚಾಯಿತಿಯ ನೌಕರನನ್ನಾಗಿ ಮಾಡಿ ಎಂದರೆ ನನ್ನ ಹಳೆಯ ಸಹೋದ್ಯೋಗಿಗಳೇ ಮೊದಲು ವಿರೋಧಿಸುತ್ತಾರೆ. ಅಧ್ಯಕ್ಷರ ಕಡೆಯವರ ಬಿಲ್ಲಿಗೆ ಸಹಿ ಹಾಕದ ದಿನ ನಮ್ಮನ್ನು ಕಾಯುವುದು ಸರ್ಕಾರಿ ನೌಕರ ಎಂಬ ಹಣೆಪಟ್ಟಿಯೊಂದೇ ಎನ್ನುತ್ತಾರೆ, ಅದರಲ್ಲಿ ಸುಳ್ಳಿಲ್ಲ. ನಡುವಿನ ದಾರಿಯೊಂದಿದೆ ಎಂದು ನನಗನಿಸುತ್ತದೆ. ನೇಮಕಾತಿ ಮತ್ತು ಶಿಸ್ತುಕ್ರಮ ರಾಜ್ಯಮಟ್ಟದ ಸ್ವತಂತ್ರ ಮಂಡಳಿಯೊಂದರ ಬಳಿ ಇರಲಿ. ವರ್ಗಾವಣೆಗೆ ಕನಿಷ್ಠ ಮೂರು ವರ್ಷದ ತಡೆ ಇರಲಿ. ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು ತಾಲ್ಲೂಕಿನ ಕಾರ್ಯನಿರ್ವಹಣಾಧಿಕಾರಿ ಬರೆಯುವ ಮುನ್ನ ಪಂಚಾಯಿತಿಯ ಸಾಮಾನ್ಯ ಸಭೆಯ ಲಿಖಿತ ಅಭಿಪ್ರಾಯ ಅದರಲ್ಲಿ ಸೇರಲಿ. ವಕೀಲರು ಇದನ್ನು ಈಗಿನ ವೃಂದ ಮತ್ತು ನೇಮಕಾತಿ ನಿಯಮಗಳಲ್ಲೇ ತರಬಹುದೇ, ಅಥವಾ ಕಾಯ್ದೆಗೇ ಕೈ ಹಾಕಬೇಕೇ ಎಂಬುದನ್ನು ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.